ಸಹಾಯ ಬೇಕು: ಪೀಣ್ಯದಲ್ಲಿ ಹಳೆಯ ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡಿನ ಜಾಗ ಕೊಳ್ಳುವ ಮುನ್ನ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೀಣ್ಯದಲ್ಲಿ ಹಿಂದೆ ಎಲೆಕ್ಟ್ರೋಪ್ಲೇಟಿಂಗ್ (ವಸ್ತುಗಳಿಗೆ ಲೋಹದ ಲೇಪನ ಕೊಡುವ) ಘಟಕವಿದ್ದ ಜಾಗವೊಂದನ್ನು ಕೊಳ್ಳಲು ನಾನು ಮತ್ತು ನನ್ನ ತಮ್ಮ ಮಾತುಕತೆ ನಡೆಸಿದ್ದೇವೆ. ಅಲ್ಲಿನ ಬೋರ್‌ವೆಲ್ ನೀರು ತಿಳಿಹಳದಿಯಾಗಿದ್ದು, ಹಳೆಯ ತೊಟ್ಟಿಯ ಸುತ್ತಲಿನ ಮಣ್ಣಿಗೂ ಅದೇ ಕಲೆ ಹಿಡಿದಿರುವುದರಿಂದ ಆ ಲೇಪನಕ್ಕೆ ಬಳಸುವ ವಿಷಕಾರಿ ಲೋಹ ಕ್ರೋಮಿಯಂ ನೆಲಕ್ಕೆ ಇಳಿದಿರಬಹುದೆಂಬ ಆತಂಕ ನಮ್ಮದು. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 0.05 ಮಿಲಿಗ್ರಾಂ ಮಾತ್ರ. ಇಸಿ (ಋಣಭಾರ ಪ್ರಮಾಣಪತ್ರ), ಖಾತೆ ಎಲ್ಲವೂ ಸರಿಯಾಗಿವೆ, ಆದರೆ ಇಂಥ ದೋಷ ಅವುಗಳಲ್ಲಿ ಕಾಣುವುದಿಲ್ಲ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 55ರ ಪ್ರಕಾರ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ, ತಮಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವರು ತಿಳಿಸಬೇಕು. ಹಳದಿ ನೀರನ್ನು ಕಣ್ಣಾರೆ ಕಂಡ ಮೇಲೆ ಆ ರಕ್ಷಣೆ ನಮಗೆ ಉಳಿಯುತ್ತದೆಯೇ? ಮಾಲಿನ್ಯ ಮಾಡಿದವರೇ ವೆಚ್ಚ ಭರಿಸಬೇಕೆಂಬುದು ಹಸಿರು ನ್ಯಾಯಮಂಡಳಿಯ ತತ್ವವಾದರೂ, ಘಟಕವೇ ಮುಚ್ಚಿಹೋಗಿರುವಾಗ ಶುದ್ಧೀಕರಣದ ಹೊಣೆ ಹೊಸ ಮಾಲೀಕರ ಮೇಲೆ ಬಂದೀತೇ? ಕ್ರಯದ ಕರಾರಿನಲ್ಲಿ ಮಣ್ಣು ಪರೀಕ್ಷೆ ಹಾಗೂ ನಷ್ಟಭರ್ತಿಯ ಷರತ್ತುಗಳನ್ನು ಬರೆಸಿದ ಅನುಭವವಿರುವವರು ದಯವಿಟ್ಟು ತಿಳಿಸಿ.