‘ಮುರಿದ ಬೋಲ್ಟ್’ ಎಂದರೆ ಯಾವುದು? ಬ್ರೇಕ್ ಕೆಲಸದ ಕೆಲವು ಪದಗಳು

ಪ್ರಶ್ನೆ – ತುಮಕೂರಿನಿಂದ

ನಮಸ್ಕಾರ. ಮನೆಯಲ್ಲೇ ಕಾರಿನ ಬ್ರೇಕ್ ಪ್ಯಾಡ್ ಬದಲಿಸಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಸಿದ್ಧವಾಗುತ್ತಿದೆ. ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಬಿಚ್ಚುವಾಗ ಬೋಲ್ಟ್ ತುಂಡಾದರೆ ಏನು ಮಾಡಬೇಕು ಎಂಬ ಭಾಗದಲ್ಲಿ ಪದಗಳದ್ದೇ ತೊಡಕು. ಕರಡಿನಲ್ಲಿ ಎಲ್ಲ ಕಡೆ ‘ಮುರಿದ ಬೋಲ್ಟನ್ನು ಕೀಳುವುದು’ ಎಂದಿದೆ. ಇಲ್ಲಿನ ಗ್ಯಾರೇಜುಗಳಲ್ಲಿ ಕಟ್ ಆಗಿದೆ, ತಲೆ ಹಾರಿದೆ, ರೌಂಡ್ ಆಗಿದೆ, ಸ್ಲಿಪ್ ಆಗಿದೆ, ಜಾಮ್ ಆಗಿದೆ ಅಂತ ಬೇರೆ ಬೇರೆ ಹೇಳುತ್ತಾರೆ. ಇವೆಲ್ಲ ಒಂದೇ ಅರ್ಥವೇ? ಒಳಗೆ ಉಳಿದುಬಿಡುವ ತುಂಡಿಗೆ ಕನ್ನಡದಲ್ಲಿ ಹೆಸರಿದೆಯೇ? ಎಡಕ್ಕೆ ಸುತ್ತುವ ಡ್ರಿಲ್ ಬಿಟ್ಟನ್ನು ‘ಎಡಮುರಿ ಬೈರಿಗೆ’ ಎನ್ನಬಹುದೇ?

ಉತ್ತರ – ಅಂತರಸನಹಳ್ಳಿ, ತುಮಕೂರು

ಒಂದೇ ಅರ್ಥ ಅಲ್ಲ ಸಾರ್. ದಯವಿಟ್ಟು ಕೈಪಿಡಿಯಲ್ಲಿ ಒಂದು ಮಾಡಬೇಡಿ. ಒಂದೊಂದು ಮಾತೂ ಒಂದೊಂದು ತೊಂದರೆ, ಒಂದೊಂದಕ್ಕೂ ಮದ್ದು ಬೇರೆ. ಎಲ್ಲವನ್ನೂ ‘ಮುರಿದ’ ಎಂದು ಬರೆದರೆ, ಬರೀ ಜಾಮ್ ಆದ ಬೋಲ್ಟಿಗೂ ಓದುಗ ಡ್ರಿಲ್ ಹಿಡಿದುಕೊಂಡು ಕೂರುತ್ತಾನೆ.

ಜಾಮ್ ಆಗಿದೆ, ಕಚ್ಚಿಕೊಂಡಿದೆ ಎಂದರೆ ಬೋಲ್ಟ್ ಇಡಿಯಾಗಿಯೇ ಇದೆ, ತಿರುಗುತ್ತಿಲ್ಲ ಅಷ್ಟೆ. ಕಾರಣ ಹೆಚ್ಚಾಗಿ ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ಡಿನ (ಬೋಲ್ಟಿನ ಮೈಮೇಲಿನ ಸುತ್ತುಗೆರೆಯ) ಸಂದಿಯಲ್ಲಿ ಆ ಜಾಗ ಇರುವುದಿಲ್ಲ, ಹಾಗಾಗಿ ಎರಡೂ ಕಡೆಯನ್ನು ಅದುಮಿ ಹಿಡಿಯುತ್ತದೆ. ಇಲ್ಲಿ ಬೇಕಾದದ್ದು ತುಕ್ಕು ಬಿಡಿಸುವ ಎಣ್ಣೆ, ಕಾಯುವಿಕೆ, ಬೋಲ್ಟಿನ ತಲೆಗೆ ನೇರವಾಗಿ ಸುತ್ತಿಗೆಯ ಸಣ್ಣ ಪೆಟ್ಟು, ಆಮೇಲೆ ಹಿಂದೆ ಮುಂದೆ ಆಡಿಸುವುದು: ಸ್ವಲ್ಪ ಬಿಡಿಸಿ, ಸ್ವಲ್ಪ ಬಿಗಿದು, ಮತ್ತೆ ಬಿಡಿಸುವುದು. ಒಂದೇ ಸಮ ಬಿಚ್ಚುತ್ತಾ ಹೋದರೆ ತುಕ್ಕಿನ ಪುಡಿ ಮುಂದಿನ ಥ್ರೆಡ್ಡಿಗೆ ತುಂಬಿಕೊಂಡು ಮತ್ತೆ ಕಚ್ಚುತ್ತದೆ. ಎಣ್ಣೆ ಪ್ಯಾಡಿಗೂ ಡಿಸ್ಕಿಗೂ ತಾಗಬಾರದು. ತಾಗಿದ ಪ್ಯಾಡ್ ಹೋದ ಹಾಗೆಯೇ.

ರೌಂಡ್ ಆಗಿದೆ ಎಂದರೆ ತಲೆಯ ಆರು ಮೂಲೆ ಸವೆದು ಸ್ಪ್ಯಾನರ್ ಜಾರುತ್ತಿದೆ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಮೂಲೆಯ ತುದಿಯನ್ನು ಮಾತ್ರ ಹಿಡಿಯುವುದರಿಂದ ಹೀಗಾಗುತ್ತದೆ. ಆರು ಮೂಲೆಯ ಸಾಕೆಟ್ಟು, ಬೇಕಾದರೆ ಒಂದು ಅಳತೆ ಚಿಕ್ಕದನ್ನೇ ಸುತ್ತಿಗೆಯಲ್ಲಿ ಬಡಿದು ಕೂರಿಸಿ ಬಿಚ್ಚಬಹುದು. ಸ್ಲಿಪ್ ಆಗಿದೆ, ಥ್ರೆಡ್ ಹೋಗಿದೆ ಎಂದರೆ ಬೋಲ್ಟ್ ಎರಡೂ ಕಡೆ ಸುಮ್ಮನೆ ಸುತ್ತುತ್ತದೆ, ಹೊರಗೂ ಬರುವುದಿಲ್ಲ, ಬಿಗಿಯೂ ಆಗುವುದಿಲ್ಲ. ತಲೆಯ ಕೆಳಗೆ ಸ್ಕ್ರೂಡ್ರೈವರ್ ತೂರಿಸಿ ಮೇಲಕ್ಕೆ ಒತ್ತಿಕೊಂಡೇ ತಿರುಗಿಸಬೇಕು. ಬ್ರೇಕಿನಲ್ಲಿ ಥ್ರೆಡ್ ಹೋದ ಬ್ರಾಕೆಟ್ (ಕ್ಯಾಲಿಪರನ್ನು ಹೊತ್ತಿರುವ ಚೌಕಟ್ಟು) ಸಿಕ್ಕರೆ ಬ್ರಾಕೆಟ್ಟನ್ನೇ ಬದಲಿಸಿ ಎಂದು ಬರೆಯಿರಿ, ಆ ಜಾಗದಲ್ಲಿ ತೇಪೆ ಕೆಲಸ ಬೇಡ.

ತಲೆ ಹಾರಿದೆ, ಕಟ್ ಆಗಿದೆ ಎಂಬ ಎರಡಕ್ಕೆ ಮಾತ್ರ ನಿಮ್ಮ ‘ಮುರಿದ’ ಸಲ್ಲುತ್ತದೆ. ಅವೆರಡರಲ್ಲೂ ಒಂದು ವ್ಯತ್ಯಾಸ ಇದೆ, ಅದು ಬಹಳ ಮುಖ್ಯ. ಬೋಲ್ಟ್ ಬಿಗಿಯಾಗಿ ನಿಲ್ಲುವುದು ತಲೆ ಒಂದು ಕಡೆ, ಥ್ರೆಡ್ ಒಂದು ಕಡೆ ಎಳೆದು ಹಿಡಿಯುವುದರಿಂದ. ತಲೆ ಹಾರಿದ ಕ್ಷಣವೇ ಆ ಎಳೆತ ಹೋಯಿತು. ಥ್ರೆಡ್ಡಿಗೆ ತುಕ್ಕು ಇಳಿದಿರದಿದ್ದರೆ ಕ್ಯಾಲಿಪರನ್ನು ಪಕ್ಕಕ್ಕೆ ಸರಿಸಿದ ಮೇಲೆ ಉಳಿದ ತುಂಡು ಕೈಬೆರಳಲ್ಲೇ ತಿರುಗಿ ಬರುವುದುಂಟು. ಥ್ರೆಡ್ ಶುರುವಾಗುವ ಜಾಗದಲ್ಲೇ ಕಟ್ ಆಗಿದ್ದರೆ ಹಾಗಲ್ಲ, ಅಲ್ಲಿ ಒಳಗೆ ಕಚ್ಚಿಕೊಂಡಿದ್ದರಿಂದಲೇ ಕಟ್ ಆಗಿರುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ‘ತಲೆ ಹಾರಿದ ಬೋಲ್ಟ್’, ‘ಥ್ರೆಡ್ಡಿನಲ್ಲಿ ತುಂಡಾದ ಬೋಲ್ಟ್’ ಎಂದು ಎರಡಾಗಿಯೇ ಬರೆಯಿರಿ.

‘ಕೀಳು’ ಬೇಡ. ಮೊಳೆ ಕೀಳುತ್ತೇವೆ, ಗೂಟ ಕೀಳುತ್ತೇವೆ, ಅಂದರೆ ನೇರ ಎಳೆಯುತ್ತೇವೆ. ಬೋಲ್ಟನ್ನು ಬಿಚ್ಚುತ್ತೇವೆ. ತುಂಡಾದದ್ದನ್ನೂ ತಿರುಗಿಸಿಯೇ ತೆಗೆಯಬೇಕು.

ಉತ್ತರ – ಕೋಲಾರದಿಂದ

ಮೇಲಿನವರು ಹೇಳಿದ್ದು ಸರಿ. ಒಳಗೆ ಉಳಿಯುವ ತುಂಡಿಗೆ ‘ಮೋಟು’ ಎನ್ನಿ. ಮೋಟುಮರ, ಮೋಟುಗೋಡೆ ಎನ್ನುವ ಕಡೆ ಎಲ್ಲರಿಗೂ ಅರ್ಥವಾಗುವ ಮಾತು. ಆದರೆ ಮೋಟು ಎಂದರೆ ಸ್ವಲ್ಪವಾದರೂ ಎದ್ದು ನಿಂತಿರಬೇಕು. ಮೇಲ್ಮೈಗೆ ಸಮವಾಗಿ ಅಥವಾ ತೂತಿನ ಒಳಗೆ ಕಟ್ ಆದದ್ದನ್ನು ‘ಒಳಗುಳಿದ ತುಂಡು’ ಎಂದು ಬಿಡಿಸಿ ಹೇಳುವುದೇ ಮೇಲು, ಏಕೆಂದರೆ ಕೈಗೆ ತೆಗೆದುಕೊಳ್ಳುವ ಸಾಮಾನು ಅಲ್ಲಿಂದಲೇ ಬೇರೆಯಾಗುತ್ತದೆ.

ಮೋಟು 5–6 ಮಿ.ಮೀ. ಎದ್ದಿದ್ದರೆ ಲಾಕ್ ಆಗುವ ವೈಸ್ ಗ್ರಿಪ್ಪು ಸಾಕು. ಅರದಲ್ಲಿ ಎರಡು ಕಡೆ ಚಪ್ಪಟೆ ಮಾಡಿಕೊಂಡರೆ ಹಿಡಿತ ಜಾರುವುದಿಲ್ಲ. ಎದ್ದಿರುವುದು ಕಮ್ಮಿಯಾದರೆ ಅದರ ಮೇಲೆ ಒಂದು ವಾಷರ್, ವಾಷರ್ ಮೇಲೆ ನಟ್ ಇಟ್ಟು ನಟ್ಟಿನ ಒಳಗಿನಿಂದ ವೆಲ್ಡ್ ಮಾಡಿಸಿ. ಇದು ಬಹಳ ಒಳ್ಳೆಯ ದಾರಿ: ಹಿಡಿಯಲು ತಲೆಯೂ ಸಿಗುತ್ತದೆ, ವೆಲ್ಡಿನ ಬಿಸಿಗೆ ತುಕ್ಕೂ ಸಡಿಲವಾಗುತ್ತದೆ. ಕೆಂಪು ಆರಿದ ಮೇಲೆ ಸ್ಪ್ಯಾನರ್ ಹಾಕಿ, ಹಿಂದೆ ಮುಂದೆ ಆಡಿಸಿ. ಬ್ರಾಕೆಟ್ ಬಿಚ್ಚಿಕೊಂಡು ಬರುವಂತಿದ್ದರೆ ಕಾರಿನ ಮೇಲೆ ವೆಲ್ಡ್ ಬೇಡ, ಬ್ರಾಕೆಟ್ಟನ್ನೇ ಅಂಗಡಿಗೆ ಒಯ್ಯಿರಿ. ಬಿಚ್ಚಲಾಗದಿದ್ದರೆ ಬ್ಯಾಟರಿಯ ನೆಗೆಟಿವ್ ತೆಗೆದು, ಅರ್ಥ್ ಕ್ಲ್ಯಾಂಪನ್ನು ಮೋಟಿನ ಪಕ್ಕದಲ್ಲೇ ಕಚ್ಚಿಸಬೇಕು. ದೂರ ಕಚ್ಚಿಸಿದರೆ ಕರೆಂಟು ಚಕ್ರದ ಬೇರಿಂಗ್ ಮೂಲಕ ಹರಿದು ಅದನ್ನು ಹಾಳು ಮಾಡುತ್ತದೆ. ಕ್ಯಾಲಿಪರ್, ಅದರ ಹೋಸು, ರಬ್ಬರು ಹತ್ತಿರ ಇರಕೂಡದು. ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಬೆಂಕಿ ತೋರಿಸಲೇಬೇಡಿ. ಕ್ಲೋರಿನ್ ಇರುವ ಕ್ಲೀನರ್ ಕಾದರೆ ಫಾಸ್ಜೀನ್ ಎಂಬ ವಿಷಗಾಳಿ ಹುಟ್ಟುತ್ತದೆ. ಈ ವಾಕ್ಯ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಬರಲಿ.

ಒಳಗುಳಿದ ತುಂಡಿಗೆ ಕೊರೆಯುವುದೇ ಗತಿ. ಸೆಂಟರ್ ಪಂಚಿನ ಗುರುತು ನಟ್ಟನಡುವೆ ಬೀಳದಿದ್ದರೆ ಮುಂದಿನದೆಲ್ಲ ಕೆಡುತ್ತದೆ. ತುಂಡು ತೂತಿನ ಒಳಗಿದ್ದರೆ ಆ ತೂತಿಗೆ ಸರಿಯಾಗಿ ಕೂರುವ ಒಂದು ಬುಷ್ ಲೇತಿನಲ್ಲಿ ಮಾಡಿಸಿಕೊಳ್ಳಿ, ಡ್ರಿಲ್ ಬಿಟ್ ಅದರ ನಡುವಿನಿಂದ ಹೋದರೆ ಪಕ್ಕಕ್ಕೆ ಓಡುವುದಿಲ್ಲ. ಎಂ8 (8 ಮಿ.ಮೀ. ದಪ್ಪದ) ಬೋಲ್ಟಿಗೆ ಮೊದಲು 3 ಮಿ.ಮೀ., ಆಮೇಲೆ 5. ವೇಗ ಕಮ್ಮಿ, ಒತ್ತಡ ಹೆಚ್ಚು, ಎಣ್ಣೆ ಬಿಡುತ್ತಿರಬೇಕು. ಎಂ8ರಲ್ಲಿ 1.25 ಪಿಚ್ಚಿಗೆ (ಥ್ರೆಡ್ಡಿನ ಒಂದು ಸುತ್ತಿನಿಂದ ಇನ್ನೊಂದಕ್ಕಿರುವ ದೂರ, ಮಿ.ಮೀ.ನಲ್ಲಿ) ಟ್ಯಾಪ್ ಹೊಡೆಯುವ, ಅಂದರೆ ಹೊಸದಾಗಿ ಥ್ರೆಡ್ ಮಾಡುವ, ತೂತು 6.8 ಮಿ.ಮೀ., ಎಂ10ರಲ್ಲಿ 1.25 ಪಿಚ್ಚಿಗೆ 8.8, 1.5 ಪಿಚ್ಚಿಗೆ 8.5. ಅದಕ್ಕಿಂತ ದೊಡ್ಡದಾಗಿ ಕೊರೆದರೆ ಬ್ರಾಕೆಟ್ಟಿನ ಥ್ರೆಡ್ಡೇ ಹೋಗುತ್ತದೆ.

ಎಕ್ಸ್‌ಟ್ರಾಕ್ಟರಿಗೆ (ಕೊರೆದ ತೂತಿಗೆ ಇಳಿಸಿ ತುಂಡನ್ನು ತಿರುಗಿಸಿ ತೆಗೆಯುವ ಸಾಮಾನು) ಕನ್ನಡ ಪದ ಕಟ್ಟುವ ಶ್ರಮ ಬೇಡ. ಅಂಗಡಿಯಲ್ಲಿ ‘ಸ್ಟಡ್ ಎಕ್ಸ್‌ಟ್ರಾಕ್ಟರ್’ ಅಥವಾ ‘ಈಸಿ ಔಟ್’ ಎಂದು ಕೇಳಿದರೆ ಕೊಡುತ್ತಾರೆ, ಹೊಸ ಪದ ಹೇಳಿದರೆ ಓದುಗ ಬರಿಗೈಯಲ್ಲಿ ಬರುತ್ತಾನೆ. ಅದರ ಬಗ್ಗೆ ಹೇಳಬೇಕಾದ ಎಚ್ಚರಿಕೆ ಒಂದಿದೆ: ಅದು ಗಡಸು ಉಕ್ಕು, ಬಗ್ಗುವುದಿಲ್ಲ, ಪಟ್ಟನೆ ಮುರಿಯುತ್ತದೆ. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಗೀರೂ ಹಾಕುವುದಿಲ್ಲ, ಕಾರ್ಬೈಡ್ ಬಿಟ್ಟೋ ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಎರೋಷನ್ ಯಂತ್ರವೋ ಬೇಕಾಗುತ್ತದೆ. ಜೊತೆಗೆ ಅದು ಮೊನಚು ಆಕಾರದ್ದು, ಒಳಕ್ಕೆ ಇಳಿದಷ್ಟೂ ತುಂಡನ್ನು ಹಿಗ್ಗಿಸಿ ಗೋಡೆಗೆ ಅದುಮುತ್ತದೆ. ಕೈಬಲಕ್ಕೆ ತಿರುಗದಿದ್ದರೆ ನಿಲ್ಲಿಸಬೇಕು, ಹಿಡಿಯನ್ನು ಉದ್ದ ಮಾಡಲು ಪೈಪು ಹಾಕಬಾರದು.

ಪೈಪಿನ ವಿಷಯ ಬಂದದ್ದಕ್ಕೆ ಒಂದು ಲೆಕ್ಕ. 30 ಸೆಂ.ಮೀ. ಸ್ಪ್ಯಾನರಿನ ತುದಿಯಲ್ಲಿ 10 ಕೆ.ಜಿ. ಭಾರದಷ್ಟು ಒತ್ತಿದರೆ ಸುಮಾರು 30 ನ್ಯೂಟನ್ ಮೀಟರ್. ಗೈಡ್ ಪಿನ್ (ಕ್ಯಾಲಿಪರ್ ಹಿಂದೆ ಮುಂದೆ ಜಾರುವ ಪಿನ್) ಬೋಲ್ಟುಗಳ ಬಿಗಿ ಅನೇಕ ಕಾರುಗಳಲ್ಲಿ ಇದರ ಆಸುಪಾಸಿನಲ್ಲೇ ಇರುತ್ತದೆ. ನಿಖರ ಅಂಕಿಯನ್ನು ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲೇ ನೋಡಬೇಕು. ಅದೇ 10 ಕೆ.ಜಿ.ಯನ್ನು 1 ಮೀಟರ್ ಪೈಪಿನ ತುದಿಗೆ ಹಾಕಿದರೆ 98. ತಲೆಯ ಮೇಲೆ 8.8 ಎಂದು ಬಲದ ದರ್ಜೆ ಬರೆದ ಎಂ8 ಬೋಲ್ಟ್ ಅಷ್ಟು ಹೊತ್ತಿಗೆ ಎರಡಾಗಿರುತ್ತದೆ.

ಉತ್ತರ – ಚಿಕ್ಕಬಳ್ಳಾಪುರದಿಂದ

‘ಎಡಮುರಿ ಬೈರಿಗೆ’ ಕೇಳಲು ಚೆನ್ನಾಗಿದೆ, ಆದರೆ ಕೈಪಿಡಿಗೆ ಒಪ್ಪುವುದಿಲ್ಲ.

‘ಮುರಿ’ಗೆ ಎರಡು ಅರ್ಥ ಇದೆ. ತುಂಡಾಗು ಎಂಬುದು ಒಂದು. ತಿರುಗು, ಸುತ್ತಿಕೊಳ್ಳು, ಬಾಗು ಎಂಬುದು ಇನ್ನೊಂದು. ಬಲಮುರಿ ಗಣಪತಿ, ಮೈ ಮುರಿಯುವುದು, ಇವುಗಳಲ್ಲಿ ಇರುವುದು ಎರಡನೆಯದು. ಬೋಲ್ಟ್ ತಿರುಚಿಯೇ ತುಂಡಾಗುವುದರಿಂದ ‘ಬೋಲ್ಟ್ ಮುರಿಯಿತು’ ಎನ್ನುವಾಗ ಎರಡೂ ಒಟ್ಟಿಗೆ ಸೇರುತ್ತವೆ. ಇಲ್ಲಿಯವರೆಗೆ ತೊಂದರೆ ಇಲ್ಲ.

ತೊಂದರೆ ಇರುವುದು ಎಡ-ಬಲದಲ್ಲಿ. ಎಲ್ಲರಿಗೂ ತಿಳಿದಿರುವ ಬಲಮುರಿ ಎಂದರೆ ಶಂಖ. ಶಂಖವನ್ನು ಕೊಳವೆಯ ತುದಿ ಮೇಲೆ ಬರುವಂತೆ, ಬಾಯಿ ನಮ್ಮ ಕಡೆ ಇರುವಂತೆ ಹಿಡಿದಾಗ ಬಾಯಿ ಎಡಕ್ಕೆ ಕಂಡರೆ ಎಡಮುರಿ, ಬಲಕ್ಕೆ ಕಂಡರೆ ಬಲಮುರಿ. ಎಲ್ಲ ಕಡೆ ಸಿಗುವುದು ಎಡಮುರಿ, ಅಪರೂಪಕ್ಕೆ ಸಿಗುವುದು ಬಲಮುರಿ. ಈಗ ಒಂದು ಮಾಮೂಲಿ ಬೋಲ್ಟನ್ನು ಪಕ್ಕಕ್ಕಿಟ್ಟು ನೋಡಿ: ಅದರ ಥ್ರೆಡ್ಡಿನ ಸುತ್ತು ಮಾಮೂಲಿ ಎಡಮುರಿ ಶಂಖದ ಸುತ್ತಿನ ಜಾತಿಯದೇ. ಅಂದರೆ ಕಾರ್ಖಾನೆಯಲ್ಲಿ ಬಲಗೈ ಥ್ರೆಡ್ ಎನ್ನುವುದಕ್ಕೆ ಶಂಖದ ಲೆಕ್ಕದಲ್ಲಿ ಎಡಮುರಿ ಎಂದು ಹೆಸರು. ಎಡಕ್ಕೆ ಸುತ್ತುವ ಬಿಟ್ಟಿಗೆ ನೀವು ‘ಎಡಮುರಿ’ ಎಂದರೆ ಶಂಖ ಬಲ್ಲವರಿಗೆ ಪೂರ್ತಿ ತಿರುವುಮುರುವಾಗಿ ಅರ್ಥವಾಗುತ್ತದೆ.

‘ಎಡಕ್ಕೆ’ ಎನ್ನುವುದೂ ಒಂಟಿಯಾಗಿ ಸಾಲದು. ಕ್ಯಾಲಿಪರ್ ಬೋಲ್ಟನ್ನು ಚಕ್ರದ ಹಿಂಭಾಗದಿಂದ ಬಿಚ್ಚುತ್ತೇವೆ, ನೋಡುವ ಕಡೆ ಬದಲಾದರೆ ಎಡ-ಬಲವೂ ಬದಲಾಗುತ್ತದೆ. ‘ಬೋಲ್ಟಿನ ತಲೆಯ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ’ ಎಂದು ಒಮ್ಮೆ ಬರೆದು, ಮುಂದೆಲ್ಲ ‘ಬಿಚ್ಚುವ ಕಡೆಗೆ’, ‘ಬಿಗಿಯುವ ಕಡೆಗೆ’ ಎನ್ನಿ. ಇವೆರಡು ಪದ ಎಲ್ಲಿಂದ ನೋಡಿದರೂ ಕೆಡುವುದಿಲ್ಲ. ಆರುಪಾರು, ಅಂದರೆ ಆಚೆವರೆಗೂ ತೆರೆದ ತೂತಿನಲ್ಲಿ ಬೋಲ್ಟಿನ ತುದಿ ಆಚೆ ಕಡೆ ಕಾಣುತ್ತಿರುವುದುಂಟು. ಆಗ ಆ ತುದಿಯನ್ನು ಹಿಡಿದು ಬಿಗಿಯುವ ಕಡೆಗೇ ತಿರುಗಿಸಿದರೂ ತುಂಡು ಆಚೆಯಿಂದ ಹೊರಬರುತ್ತದೆ. ಅಂಥ ತೂತಿನಲ್ಲಿ ಮಾಮೂಲಿ ಡ್ರಿಲ್ ಬಿಟ್ಟೇ ಕಚ್ಚಿಕೊಂಡು ತುಂಡನ್ನು ಆಚೆಗೆ ತಿರುಗಿಸಿ ಕಳಿಸುವುದೂ ಉಂಟು. ಆಚೆ ಮುಚ್ಚಿದ ತೂತಾದರೆ ಮಾತ್ರ ಬಿಚ್ಚುವ ಕಡೆಗೆ ಸುತ್ತುವ ಬಿಟ್ ಬೇಕೇ ಬೇಕು: ಡ್ರಿಲ್ಲನ್ನು ರಿವರ್ಸಿನಲ್ಲಿ ಓಡಿಸಿ ಕೊರೆದರೆ ಎಷ್ಟೋ ಸಲ ಎಕ್ಸ್‌ಟ್ರಾಕ್ಟರ್ ಹಾಕುವ ಮೊದಲೇ ತುಂಡು ಬಿಟ್ಟಿನ ಜೊತೆ ಬಂದುಬಿಡುತ್ತದೆ.

ಥ್ರೆಡ್ಡಿಗೆ ಥ್ರೆಡ್ ಎಂದೇ ಇರಲಿ. ಕೆ.ಜಿ.ಎಫ್. ಕಡೆ ತಮಿಳಿನವರು ‘ಮರೈ’ ಎನ್ನುತ್ತಾರೆ, ಬಾಗೇಪಲ್ಲಿ, ಪಾವಗಡದ ಕಡೆ ತೆಲುಗಿನಲ್ಲಿ ಸ್ಕ್ರೂಗೆ ‘ಮರಮೇಕು’ ಎಂಬ ಮಾತಿದೆ. ಕನ್ನಡದ ‘ತಿರುಪು’ ಒಳ್ಳೆಯ ಪದವೇ, ತಿರುಪುಮೊಳೆ ಎಲ್ಲರಿಗೂ ಗೊತ್ತು. ಆದರೆ ‘ತಿರುಪು ಹೋಗಿದೆ’ ಎಂದು ಯಾವ ಗ್ಯಾರೇಜಿನಲ್ಲಿ ಹೇಳಿದರೂ ಸ್ಕ್ರೂ ಕಳೆದುಹೋಗಿದೆ ಎಂದುಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆ. ತಿದ್ದಿದ ವಾಕ್ಯ ಹೀಗಿದೆ: ‘ಬೋಲ್ಟಿನ ತಲೆ ಹಾರಿದ್ದರೆ ಕ್ಯಾಲಿಪರನ್ನು ಸರಿಸಿ, ಮೋಟನ್ನು ವೈಸ್ ಗ್ರಿಪ್ಪಿನಲ್ಲಿ ಹಿಡಿದು ಬಿಚ್ಚುವ ಕಡೆಗೆ ತಿರುಗಿಸಿ ತೆಗೆಯಿರಿ. ಬ್ರೇಕ್ ಎಣ್ಣೆಯಿಂದ ಏರ್ ಬಿಡಿಸುವ ನಿಪ್ಪಲ್ ಕಟ್ ಆಗಿದ್ದರೂ ಹೀಗೆಯೇ ಮಾಡಿ.’ ಸರಿಯೇ?

ಉತ್ತರ – ಕೋಲಾರದಿಂದ

ಮೊದಲನೆಯ ವಾಕ್ಯ ಸರಿ. ಕ್ಯಾಲಿಪರನ್ನು ಹೋಸಿನ ಮೇಲೆ ನೇತಾಡಲು ಬಿಡದೆ ಸ್ಪ್ರಿಂಗಿಗೆ ತಂತಿಯಲ್ಲಿ ಕಟ್ಟಬೇಕು ಎಂದು ಸೇರಿಸಿ. ಎರಡನೆಯದನ್ನು ತೆಗೆದುಬಿಡಿ. ನಿಪ್ಪಲ್ ಟೊಳ್ಳು, ನಡುವೆ ಎಣ್ಣೆ ಹರಿಯುವ ರಂಧ್ರ ಇರುವುದರಿಂದ ಗೋಡೆ ತೆಳು. ವೈಸ್ ಗ್ರಿಪ್ಪಿನಲ್ಲಿ ಅದುಮಿದರೆ ಜಜ್ಜಿಹೋಗುತ್ತದೆ. ಹೊಸದನ್ನು ಬಿಗಿಯುವುದೂ 10 ನ್ಯೂಟನ್ ಮೀಟರ್ ಆಸುಪಾಸು ಅಷ್ಟೆ. ಅದು ಕೂರುವ ತಳದಲ್ಲಿ ಮೊನಚಾದ ಸೀಟ್ ಇದೆ, ಕೊರೆಯುವಾಗ ಡ್ರಿಲ್ ಬಿಟ್ ಆ ಸೀಟಿಗೆ ತಾಗಿದರೆ ಮುಂದೆ ಯಾವ ನಿಪ್ಪಲ್ ಹಾಕಿದರೂ ಬ್ರೇಕ್ ಎಣ್ಣೆ ಜಿನುಗುತ್ತದೆ. ಮನೆಯಲ್ಲಿ ಮಾಡುವವರಿಗೆ ‘ನಿಪ್ಪಲ್ ಕಟ್ ಆದರೆ ಕ್ಯಾಲಿಪರನ್ನೇ ಬದಲಿಸಿ, ಏರ್ ತೆಗೆಯಿರಿ, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ನೋಡದೆ ಗಾಡಿ ಅಲ್ಲಾಡಿಸಬೇಡಿ’ ಎಂದು ಬೇರೆ ಪ್ಯಾರಾದಲ್ಲಿ ಬರೆಯಿರಿ.