ತಿದಿ ಒತ್ತು, ತಿದಿ ಎಳೆ: ಲಿಲಿಪಾಂಡ್‌ನಲ್ಲಿ ಬರೆಯೋದು ಹೇಗೆ?

ಕೋಡಿಬಾಗದವ: ಅಜ್ಜನ ಗುಂಡಿ ಅಕಾರ್ಡಿಯನ್ ಇದೆ. ಎರಡು ಸಾಲು ಗುಂಡಿ, ಒಂದು ಸಿ ಶ್ರುತಿಗೆ, ಇನ್ನೊಂದು ಜಿ ಶ್ರುತಿಗೆ. ಕ್ರಿಸ್ಮಸ್‌ಗೆ ಪಕ್ಕದ ಮನೆ ಹುಡುಗನಿಗೆ ಕಲಿಸಲು ಒಂದು ಕೊಂಕಣಿ ಹಾಡನ್ನು ಲಿಲಿಪಾಂಡ್‌ನಲ್ಲಿ, ಅಂದರೆ ಸ್ವರಲಿಪಿ ಅಚ್ಚು ಮಾಡುವ ತಂತ್ರಾಂಶದಲ್ಲಿ, ಬರೆಯುತ್ತಿದ್ದೇನೆ. ಒತ್ತುವ, ಎಳೆಯುವ ಗುರುತನ್ನು ಪ್ರತಿ ಸ್ವರಕ್ಕೂ ಹಾಕಿದೆ. ಪುಟದ ತುಂಬ ಇರುವೆ ಹರಿದ ಹಾಗಿದೆ. ಇಷ್ಟೆಲ್ಲ ಬೇಕಾ?

ಶಿರಸಿ ಭಟ್ಟ: ಬೇಡವೇ ಬೇಡ ತಮಾ. ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದ್ದೇನೆ. ತಿದಿಗೆ ಯಾರೂ ಗುರುತು ಬರೆದುಕೊಟ್ಟಿಲ್ಲ.

ಹೊನ್ನಾವರ ಅಕ್ಕೋರು: ಭಟ್ರೇ, ನಿಮ್ಮ ಪೆಟ್ಟಿಗೆಯ ಒಳಗೆ ಸ್ಪ್ರಿಂಗ್ ಇರುವ ಇನ್ನೊಂದು ತಿದಿ ಇದೆ. ಅದು ಗಾಳಿ ಕೂಡಿಟ್ಟುಕೊಂಡು ರೀಡಿಗೆ ಒಂದೇ ಸಮನೆ ಕೊಡುತ್ತದೆ. ಇದು ಹಾಗಲ್ಲ. ಮೌತ್ ಆರ್ಗನ್ ಇದ್ದ ಹಾಗೆ, ಒಂದೇ ಗುಂಡಿ ಒತ್ತಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ಸಿ ಅನ್ನು ಸ ಅಂದುಕೊಳ್ಳಿ. ಸಿ ಸಾಲಿನಲ್ಲಿ ಒತ್ತಿದರೆ ಸ ಗ ಪ, ಎಳೆದರೆ ರಿ ಮ ದ ನಿ. ಒಂದೇ ಸಾಲು ಇದ್ದಿದ್ದರೆ ನಾನೂ ಬೇಡ ಅನ್ನುತ್ತಿದ್ದೆ, ಸ್ವರ ನೋಡಿದರೇ ದಿಕ್ಕು ಗೊತ್ತಾಗುತ್ತದೆ. ಜಿ ಸಾಲು ಸೇರಿದರೆ ಗೋಜಲು. ಅದೇ ರಿ, ಅಲ್ಲಿ ಒತ್ತಿದರೆ ಬರುತ್ತದೆ! ಎಡಗೈಯಲ್ಲೂ ಅಷ್ಟೇ. ಒತ್ತಿದಾಗ ಸಿ ಕೊಡುವ ಬಾಸ್ ಗುಂಡಿ ಎಳೆದರೆ ಜಿ. ದಿಕ್ಕು ತಪ್ಪಿದರೆ ಬಲಗೈ ಸರಿ ಇದ್ದೂ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಕೆಡುತ್ತದೆ.

ಶಿರಸಿ ಭಟ್ಟ: ಪಿಯಾನೊ ಅಕಾರ್ಡಿಯನ್ ಹಾಗಿಲ್ಲವಲ್ಲ?

ಹೊನ್ನಾವರ ಅಕ್ಕೋರು: ಇಲ್ಲ. ಅದರಲ್ಲಿ ಎರಡೂ ಕಡೆ ಅದೇ ಸ್ವರ.

ಕುಮಟಾ ಕೋಡು: ದಿಕ್ಕು ಬದಲಾದಲ್ಲಿ ಮಾತ್ರ ಗುರುತು ಹಾಕಿ, ಮುಗಿಯಿತು. ಲಿಲಿಪಾಂಡ್ ಫಾಂಟಿನಲ್ಲೇ ಅಕಾರ್ಡಿಯನ್ ಪುಶ್, ಪುಲ್ ಅಂತ ಎರಡು ಗುರುತು ಇವೆ. ಮಾರ್ಕಪ್‌ನಲ್ಲಿ (ಸ್ವರದ ಜೊತೆ ಬರಹ, ಚಿಹ್ನೆ ಹಾಕುವ ಆಜ್ಞೆ) ಮ್ಯೂಸಿಕ್‌ಗ್ಲಿಫ್ ಅಂತ ಕೊಟ್ಟು ಕರೆಯಿರಿ. ಪಿಟೀಲಿನ ಬೋ (ಕಮಾನು) ಗುರುತು ಮಾತ್ರ ಬೇಡ, ಪಿಟೀಲು ಕಲಿತವರಿಗೆ ಸುಮ್ನೆ ಗೊಂದಲ.

ಹೊನ್ನಾವರ ಅಕ್ಕೋರು: ಬದಲಾದಲ್ಲಿ ಮಾತ್ರ ಹಾಕಿದರೆ, "ಈ ಸಾಲಿಂದ ಮತ್ತೊಮ್ಮೆ" ಅಂದಾಗ ಹುಡುಗ ಪುಟದ ಹಿಂದಿನ ಸಾಲಲ್ಲಿ ದಿಕ್ಕು ಹುಡುಕುತ್ತಾನೆ. ಪ್ರತಿ ಸಾಲಿನ ಶುರುವಿಗೆ ಕೈಯಾರೆ ಹಾಕಿದಿರೋ, ಕಾಗದದ ಅಳತೆ ಬದಲಿಸಿದ ದಿನ ಎಲ್ಲ ಸಾಲಿನ ನಡುವೆ ಬಂದು ಕೂರುತ್ತವೆ. ನಲವತ್ತು ಪುಟ ತಿದ್ದಿದವಳು ನಾನು. ಅದಕ್ಕೇ ಎಳೆಯುವಷ್ಟು ಹೊತ್ತು ಸ್ವರದ ಕೆಳಗೆ ಗೆರೆ. ಗೆರೆ ಇಲ್ಲದಲ್ಲಿ ಒತ್ತು. ಟೆಕ್ಸ್ಟ್ ಸ್ಪ್ಯಾನರ್ (ಒಂದು ಸ್ವರದಿಂದ ಇನ್ನೊಂದಕ್ಕೆ ಅಕ್ಷರದ ಜೊತೆ ಗೆರೆ ಎಳೆಯುವ ಆಜ್ಞೆ) ಹಾಕಿ ಅಕ್ಷರ ಖಾಲಿ ಬಿಡಿ. ಸಾಲು ಎಲ್ಲೇ ಮುರಿದರೂ ಗೆರೆ ತಾನೇ ದಾಟುತ್ತದೆ.

ಕುಮಟಾ ಕೋಡು: ಒಂದೇ ಸ್ವರಕ್ಕೆ ಎಳೆಯೋದಿದ್ದರೆ? ಸ್ಪ್ಯಾನರ್ ಶುರುವಾದ ಸ್ವರದಲ್ಲೇ ಮುಗಿಸೋದು ಕಷ್ಟ.

ಹೊನ್ನಾವರ ಅಕ್ಕೋರು: ಮುಂದಿನ ಸ್ವರಕ್ಕೆ ಮುಗಿಸಿ, ಬಲ ತುದಿಯನ್ನು ಪ್ಯಾಡಿಂಗ್ (ತುದಿಯಲ್ಲಿ ಬಿಡುವ ಜಾಗ) ಕೊಟ್ಟು ಹಿಂದೆ ಸರಿಸಿ. ಚೂರು ಕಿರಿಕಿರಿ, ಹೌದು.

ಕುಮಟಾ ಕೋಡು: ಚೂರಲ್ಲ, ಜಾಸ್ತಿನೇ. ಸಣ್ಣ ಹಾಡಿಗೆ ನನಗೆ ಗುರುತೇ ಸಾಕು.

ಕೋಡಿಬಾಗದವ: ಗೆರೆ ಹಾಕಿ ನೋಡಿದೆ. ಪುಟ ಹಗುರಾಯಿತು. ಆದರೆ ಕೊಂಕಣಿ ಸಾಹಿತ್ಯ ಕೆಳಗೆ ದೂರ ಹೋಗಿ ಕೂತಿದೆ.

ಹೊನ್ನಾವರ ಅಕ್ಕೋರು: ಗೆರೆಯನ್ನು ಕೆಳಗೆ ಹಾಕುವ ಟೆಕ್ಸ್ಟ್‌ಸ್ಪ್ಯಾನರ್‌ಡೌನ್ ಆಜ್ಞೆ ತೆಗೆಯಿರಿ, ಗೆರೆ ಮೇಲೆ ಹೋಗುತ್ತದೆ.

ಕೋಡಿಬಾಗದವ: ಮೇಲೆ ಕಾರ್ಡ್ ಹೆಸರು ಇದೆ ಅಕ್ಕೋರೇ.

ಶಿರಸಿ ಭಟ್ಟ: ಹಾಡು ಬಾಯಿಪಾಠ ಮಾಡಿಸು ತಮಾ. ಸಾಹಿತ್ಯವೇ ತೆಗೆದುಬಿಡು.