ಟಾರ್ಪಾಲಲ್ಲಿ ಹಿಡಿದ ಮಳೆನೀರು ಕಂದು ಬಣ್ಣ, ವಾಸನೆ ಬೇರೆ. ಕುದಿಸಿ ಕುಡಿಯಬಹುದಾ?

ಪ್ರಶ್ನೆ:
ನಮ್ಮದು ಚನ್ನಗಿರಿ ಕಡೆ ಅಡಿಕೆ ತೋಟದ ಮನೆ. ಮಳೆ ಜೋರಾದರೆ ಹಳ್ಳ ತುಂಬಿ ದಾರಿ ಬಂದ್ ಆಗುತ್ತದೆ. ಕರೆಂಟೂ ಹೋದರೆ ಬೋರ್ ಓಡುವುದಿಲ್ಲ, ಆಗ ಮಳೆನೀರೇ ಗತಿ. ಮರಗಳ ನಡುವೆ ಟಾರ್ಪಾಲ್ ಕಟ್ಟಿ ನೀರನ್ನು ಡ್ರಮ್ಮಿಗೆ ಬಿಟ್ಟಿದ್ದೇವೆ. ತೆಳು ಟೀ ಬಣ್ಣ ಬಂದಿದೆ, ಕೊಳೆತ ಎಲೆ ವಾಸನೆ. ಬ್ಲೀಚಿಂಗ್ ಪೌಡರ್ ಹಾಕಿದರೂ ಹೋಗಲಿಲ್ಲ. ಮನೆಯಲ್ಲಿ ಚಿಕ್ಕ ಮಗು ಇದೆ. ಕುದಿಸಿದರೆ ಸಾಕಾ?

ಉತ್ತರ:
ಸರ್, ಆ ನೀರು ಬೇಡ. ಕುದಿಸಿಯೂ ಬೇಡ. ತೊಂದರೆ ಇರುವುದು ನೀರು ಹಿಡಿದ ಜಾಗದಲ್ಲೇ. ಕೊಳೆರೋಗ ಬಾರದಿರಲಿ ಅಂತ ಅಡಿಕೆಗೆ ಬೋರ್ಡೋ ಹೊಡೆಸಿರುತ್ತೀರಿ, ಅಲ್ವಾ? ಮೈಲುತುತ್ತ, ಸುಣ್ಣ ಸೇರಿಸಿ ಮಾಡಿದ್ದು ಅದು. ಸೋಗೆಯಿಂದ ತೊಟ್ಟಿಕ್ಕುವ ನೀರಿನ ಜೊತೆ ಅದೂ ಇಳಿಯುತ್ತದೆ, ಹಕ್ಕಿ ಹಿಕ್ಕೆಯೂ ಇಳಿಯುತ್ತದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಔಷಧಿ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಅಂಶ ಜಾಸ್ತಿಯೇ ಆಗುತ್ತದೆ.

ಟಾರ್ಪಾಲನ್ನು ಮರ ಇಲ್ಲದ ಬಯಲಲ್ಲಿ ಕಟ್ಟಿ. ಗೊಬ್ಬರ, ಔಷಧಿ ತಾಗಿದ್ದು ಬೇಡವೇ ಬೇಡ. ಮೊದಲ ಹತ್ತಿಪ್ಪತ್ತು ನಿಮಿಷದ ನೀರು ಹೊರಗೆ ಹೋಗಲಿ. ಚೆಲ್ಲಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೆ 12 ಅಡಿ ಉದ್ದ, 10 ಅಡಿ ಅಗಲದ ಟಾರ್ಪಾಲ್ ಮೇಲೆ 10 ಮಿ.ಮೀ. ಮಳೆ ಬಿದ್ದರೂ ಹೆಚ್ಚುಕಡಿಮೆ 100 ಲೀಟರ್ ಸಿಗುತ್ತದೆ.

ಹಿಡಿದ ನೀರನ್ನು ಅಲುಗಾಡಿಸದೆ ರಾತ್ರಿಯಿಡೀ ಬಿಡಿ. ಮೇಲಿನ ತಿಳಿಯನ್ನಷ್ಟೇ ನಾಲ್ಕು ಪದರ ಹತ್ತಿ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಹಾಗೇ ಕುದಿಯಲಿ. ಕೊಳೆ ಇರುವ ನೀರಿಗೆ ಸುಮ್ನೆ ಬ್ಲೀಚಿಂಗ್ ಸುರಿಯಬೇಡಿ, ಕ್ಲೋರಿನ್ ಆ ಕೊಳೆಗೇ ಖರ್ಚಾಗಿಬಿಡುತ್ತದೆ.

ಇನ್ನೊಬ್ಬರು, ಚಿತ್ರದುರ್ಗದಿಂದ:
ಎರಡು ಡ್ರಮ್ ಇಡಿ ಅಣ್ಣ. ಮೊದಲನೆಯದು ತುಂಬಿ ಉಕ್ಕಿದ್ದು ಎರಡನೆಯದಕ್ಕೆ ಬರಲಿ, ಮಣ್ಣು ಮೊದಲನೆಯದರಲ್ಲೇ ಕೂರುತ್ತದೆ. ನಮ್ಮ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುವ ಹಾಗೆ ಮಾಡಿದ್ದಾರಲ್ಲ, ಅದೇ ಉಪಾಯ. ಸೌದೆ ಒದ್ದೆಯಾಗಿ ಕುದಿಸಲು ಆಗುತ್ತಿಲ್ಲ ಅಂತ, ರೋಗಾಣು ಸಾಯಲು ನೀರನ್ನು ಬಾಟಲಿಗೆ ತುಂಬಿ ಬಿಸಿಲಿಗಿಡುವುದನ್ನು ಮಳೆಗಾಲದಲ್ಲಿ ನಂಬಬೇಡಿ. ಒಳ್ಳೆ ಬಿಸಿಲಲ್ಲೇ 6 ಗಂಟೆ ಬೇಕು, ಮೋಡ ಇದ್ದರೆ 2 ದಿನ. ಕ್ಲೋರಿನ್ ಮಾತ್ರೆ ಮೊದಲೇ ತಂದಿಟ್ಟುಕೊಳ್ಳಿ. ಪ್ಯಾಕೆಟ್ ಮೇಲೆ ಬರೆದ ಅಳತೆಗೆ ತಿಳಿ ನೀರಿಗೆ ಹಾಕಿ 30 ನಿಮಿಷ ಬಿಡಿ.

ಪ್ರಶ್ನೆ ಕೇಳಿದವರು:
ಬೋರ್ಡೋ ಹೊಡೆಸಿದ್ದು ನಿಜ. ಡ್ರಮ್ಮಲ್ಲಿ ಈಗಿರುವ ನೀರನ್ನು ಏನು ಮಾಡಲಿ?

ಉತ್ತರ:
ಕಕ್ಕಸಿಗೆ ಬಳಸಿ. ಮಗುವಿನ ಸ್ನಾನಕ್ಕೂ ಬೇಡ. ಡ್ರಮ್ ಚೆನ್ನಾಗಿ ಉಜ್ಜಿ ತೊಳೆದು, ನೆರಳಲ್ಲಿಟ್ಟು, ಸೊಳ್ಳೆ ಮೊಟ್ಟೆ ಇಡದ ಹಾಗೆ ಬಾಯಿಗೆ ಬಟ್ಟೆ ಬಿಗಿಯಿರಿ. ಯಾವಾಗಲಾದರೂ ಔಷಧಿ ಕಲಸಿದ ಡ್ರಮ್ ಅದಾಗಿದ್ದರೆ ಕುಡಿಯುವ ನೀರಿಗೆ ಬೇರೆಯದನ್ನೇ ತನ್ನಿ.